ಕಿಟಕಿಯ ಹೆಂಗಸಿಗೆ ಎಂಟು ಅಂಕ

ವರ್ಷದಲ್ಲಿ ಹನ್ನೊಂದು ದಿನ ನನ್ನ ಹೆಸರನ್ನು ಯಾರಾದರೂ ಬಾಯಿಬಿಟ್ಟು ಕರೆಯುತ್ತಾರೆ. ಪರೀಕ್ಷೆ ಮುಗಿದು ಉತ್ತರಪತ್ರಿಕೆ ತಿದ್ದುವ ಕೆಲಸ ಶುರುವಾದಾಗ ಬೆಳಿಗ್ಗೆ ಒಂಬತ್ತೂವರೆಗೆ ಒಂದು ಶಾಲೆಯ ದೊಡ್ಡ ಹಾಲಿನಲ್ಲಿ ಹಾಜರಿ ಕೂಗುತ್ತಾರೆ. ನಾನು "ಇದ್ದೀನಿ" ಅನ್ನುತ್ತೇನೆ. ಉಳಿದ ಮುನ್ನೂರೈವತ್ತನಾಲ್ಕು ದಿನ ನಾನು ಇದ್ದೇನೋ ಇಲ್ಲವೋ ಎಂದು ಕೇಳುವವರು ಯಾರೂ ಇಲ್ಲ. ಬೇಜಾರಿನಿಂದ ಹೇಳುತ್ತಿಲ್ಲ, ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದೇನೆ. ಸರಿ, ಬೇಜಾರೂ ಇದೆ.

ನಾನು ನಿವೃತ್ತ ಭಾಷಾ ಶಿಕ್ಷಕಿ. ಚಪ್ಪಲಿ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ನನ್ನ ಸಂಸಾರ. ಸಂಸಾರ ಅಂದರೆ ಒಂದು ಮಂಚ, ಒಂದು ಒಲೆ, ಮೂರು ತಟ್ಟೆ. ಮೂರರಲ್ಲಿ ಎರಡು ತೊಳೆಯುವ ಪ್ರಸಂಗವೇ ಬರುವುದಿಲ್ಲ. ಸಂಜೆ ಹೊತ್ತು ಕೆಳಗಿನ ಅಂಗಡಿಯವನು ಹಿಮ್ಮಡಿಗೆ ಮೊಳೆ ಹೊಡೆಯುವುದು ಕೇಳಿಸುತ್ತದೆ. ನಾನು ಮೇಲೆ ಕೂತು ಆ ಸುತ್ತಿಗೆಯ ಏಟು ಎಣಿಸುತ್ತೇನೆ. ಎಣಿಸುವುದು ನನ್ನ ಹುಟ್ಟುಗುಣ. ಅಪ್ಪ ಬ್ಯಾಂಡ್‌ನಲ್ಲಿ ಡ್ರಮ್ ಬಾರಿಸುತ್ತಿದ್ದರು. ಅವರ ತಾಳವೆಲ್ಲ ನನಗೆ ಬಂತು. ತಮ್ಮನಿಗೆ ಬಂದದ್ದು ಆಸೆ ಮಾತ್ರ.

ಆ ವರ್ಷ 'ಮಾಧ್ಯಮ ಅಧ್ಯಯನ' ಎಂಬ ಹೊಸ ವಿಷಯದ ಪತ್ರಿಕೆ ತಿದ್ದಲು ಜನ ಸಾಲದೆ ನಮ್ಮಂಥ ಭಾಷೆಯವರನ್ನೂ ಭೂಗೋಳದವರನ್ನೂ ಕರೆದಿದ್ದರು. ಊರಿಗೊಬ್ಬಳೇ ಪದ್ಮಾವತಿ ಎಂಬಂತೆ, ಬೇರೆ ಯಾರೂ ಸಿಗದಿದ್ದಾಗ ನನ್ನ ನೆನಪಾಗುತ್ತದೆ. ನನಗೇನು, ಕರೆದರೆ ಸಾಕು. ಆರನೇ ಮೇಜು ನಮ್ಮದು. ಪಕ್ಕದ ಕುರ್ಚಿ ಪ್ರತಿವರ್ಷ ಭೂಗೋಳದ ಮೇಡಂದು. ನನಗಿಂತ ಐದು ವರ್ಷ ಚಿಕ್ಕವಳು, ಬಾಯಿ ಮಾತ್ರ ಐವತ್ತು ವರ್ಷ ದೊಡ್ಡದು. ಮಧ್ಯಾಹ್ನ ಇಬ್ಬರೂ ಡಬ್ಬಿ ಬದಲಾಯಿಸಿಕೊಂಡು ತಿನ್ನುತ್ತಿದ್ದೆವು. "ನಿಮ್ಮ ಕೈ ಅಡುಗೆ ತಿಂದ್ರೆ ನನ್ನ ಗಂಡನ ಮೇಲೆ ಪ್ರೀತಿ ಉಕ್ಕತ್ತೆ ಕಣ್ರೀ, ಪಾಪ ಅವನು ಇದಕ್ಕಿಂತ ಚೆನ್ನಾಗಿ ಮಾಡ್ತಾನೆ" ಅನ್ನುತ್ತಿದ್ದಳು. ಇಡೀ ವರ್ಷ ನನ್ನನ್ನು ಹೀಗೆ ಆಡಿಕೊಳ್ಳುವವರು ಯಾರೂ ಇಲ್ಲದ್ದರಿಂದ ನನಗೆ ಅದು ಹಾಲು ಕುಡಿದಷ್ಟು ಹಿತ.

ನಮ್ಮ ಮೇಜಿನ ಮುಖ್ಯಸ್ಥರಿಗೆ ಪೆನ್ಸಿಲ್ ಸರ್ ಎಂದು ನಾವಿಟ್ಟ ಹೆಸರು. ಕಿವಿಯ ಮೇಲೆ ಯಾವಾಗಲೂ ಒಂದು ಪೆನ್ಸಿಲ್ ಕೂತಿರುತ್ತಿತ್ತು. ಮೊದಲ ದಿನ ಅವರು ಎಲ್ಲರಿಂದಲೂ ಒಂದು ಹಾಳೆಗೆ ಸಹಿ ಹಾಕಿಸಿಕೊಂಡರು. ಪ್ರಶ್ನೆಗಳಲ್ಲಿ ಬರುವ ಯಾವುದೇ ಕೃತಿಗಾಗಲಿ, ಅದನ್ನು ಮಾಡಿದವರಿಗಾಗಲಿ ನನಗೆ ಸಂಬಂಧವಿಲ್ಲ, ಇದ್ದದ್ದು ತಿಳಿದರೆ ಆ ಕ್ಷಣವೇ ಕೆಲಸ ಬಿಟ್ಟು ಹೊರಡುತ್ತೇನೆ ಎಂದು ಅದರಲ್ಲಿತ್ತು. ನಾನು ಸಹಿ ಹಾಕಿದೆ. ನನಗೆ ಯಾರ ಸಂಬಂಧ ಉಳಿದಿದೆ, ಹಾಕದೇ ಇರಲು!

ಆಮೇಲೆ ಪ್ರಶ್ನೆಪತ್ರಿಕೆ ಹಂಚಿದರು. ಮೂರನೇ ಪ್ರಶ್ನೆ ಹೀಗಿತ್ತು: ಪಠ್ಯದಲ್ಲಿರುವ 'ತುಕ್ಕು' ಎಂಬ ರಾಕ್ ತಂಡದ ವಿಡಿಯೊವನ್ನೂ ಅದರ ಆಲ್ಬಮ್ ಹೊದಿಕೆ ಮತ್ತು ಜಾಹೀರಾತು ಪೋಸ್ಟರನ್ನೂ ವಿಶ್ಲೇಷಿಸಿರಿ. ಕಿಟಕಿಯಲ್ಲಿ ನಿಂತ ಹೆಂಗಸಿನ ಅರ್ಥವೇನು? ಇದೊಂದಕ್ಕೇ ಎಂಟು ಅಂಕ.

ಆ ಕಿಟಕಿಯ ಹೆಂಗಸು ನಾನು.

ಆಗಲೇ ಎದ್ದು ನಿಂತು ಹೇಳಬೇಕಿತ್ತು. ಕೈ ಅರ್ಧ ಮೇಲೆದ್ದಿತ್ತು ಕೂಡ. ಅಷ್ಟರಲ್ಲಿ ಭೂಗೋಳದ ಮೇಡಂ ಮೊಣಕೈಯಿಂದ ತಿವಿದು, "ಇವತ್ತು ಡಬ್ಬೀಲಿ ಏನ್ರೀ?" ಎಂದು ಕೇಳಿದಳು. ನಾನು ಕೈ ಇಳಿಸಿದೆ. ಹೇಳಿದರೆ ಹನ್ನೊಂದು ದಿನವೂ ಹೋಗುತ್ತದೆ, ಮುಂದಿನ ವರ್ಷ ಕರೆಯುವುದೂ ಇಲ್ಲ. ಅಷ್ಟಕ್ಕೂ ಯಾರು ಗುರುತು ಹಿಡಿಯಬೇಕು? ವಿಡಿಯೊ ಆಗಿ ಇಪ್ಪತ್ತು ವರ್ಷ. ಆಗ ನನ್ನ ಜಡೆ ಸೊಂಟಕ್ಕೆ ಬರುತ್ತಿತ್ತು. ಈಗ ಸೊಂಟ ಎಲ್ಲಿದೆ ಎಂದು ನಾನೇ ಹುಡುಕಬೇಕು.

ಉತ್ತರ ಸೂಚಿ ಓದಿದಾಗ ನಗು ತಡೆಯಲಿಕ್ಕಾಗಲಿಲ್ಲ. ಹಳದಿ ಗೋಡೆ ಎಂದರೆ ಕೊಳೆಯುತ್ತಿರುವ ಸಮಾಜ, ಒಂದು ಅಂಕ. ಆಗಿನ ನಮ್ಮ ಮನೆಯ ಮಾಲೀಕನಿಗೆ ಎಲ್ಲೋ ಮಿಕ್ಕಿದ ಎರಡು ಡಬ್ಬಿ ಹಳದಿ ಬಣ್ಣ ಸಿಕ್ಕಿತ್ತು, ಅಷ್ಟೆ. ಗಾಳಿಗೆ ಹಾರುವ ಬಿಳಿ ಬಟ್ಟೆ ಎಂದರೆ ಶರಣಾಗತಿಯ ಧ್ವಜ, ಒಂದು ಅಂಕ. ಅದು ನನ್ನ ಹಾಸಿಗೆಯ ಮೇಲುಹೊದಿಕೆ. ಒಣಗಿದ್ದರೆ ಒಳಗೆ ತಂದಿರುತ್ತಿದ್ದೆ. ಕೊನೆಯಲ್ಲಿ ಕಿಟಕಿಯ ಹೆಂಗಸು: 'ಒಂಟಿತನ, ನಿಷ್ಕ್ರಿಯತೆ, ಕೊನೆಯಿಲ್ಲದ ಕಾಯುವಿಕೆ. ತಂಡದ ಬಾಸ್ ಗಿಟಾರ್ ವಾದಕರೇ ಸಂದರ್ಶನದಲ್ಲಿ ಆಕೆ ಯಾರೋ ಅಪರಿಚಿತಳು, ಆಕಸ್ಮಿಕವಾಗಿ ಚೌಕಟ್ಟಿಗೆ ಬಂದವಳು ಎಂದಿದ್ದಾರೆ. ಆಕೆಗೂ ತಂಡಕ್ಕೂ ಸಂಬಂಧವಿದೆ ಎಂದು ಬರೆದವರಿಗೆ ಅಂಕವಿಲ್ಲ.'

ಇಲ್ಲಿ ನನ್ನ ನಗು ನಿಂತಿತು. ಆ ಬಾಸ್ ವಾದಕ ನನ್ನ ತಮ್ಮ.

ಅಮ್ಮ ಹೋದಾಗ ಅವನಿಗೆ ಒಂಬತ್ತು ವರ್ಷ. ತಲೆಗೆ ಎಣ್ಣೆ ಹಚ್ಚಿ ಶಾಲೆಗೆ ಕಳಿಸಿದ್ದರಿಂದ ಹಿಡಿದು ಮೊದಲ ಗಿಟಾರ್ ಕೊಡಿಸುವವರೆಗೆ ಎಲ್ಲ ನಾನೇ. ಅಪ್ಪ ಊರೂರು ಬಾರಿಸಿಕೊಂಡು ತಿರುಗುತ್ತಿದ್ದರು. ತಮ್ಮನ ಬೆರಳು ಚುರುಕು, ತಾಳ ಮಾತ್ರ ಸುತರಾಂ ನಿಲ್ಲುತ್ತಿರಲಿಲ್ಲ. ಆ ಹಾಡಿನ ಮೂರನೇ ಚರಣದಲ್ಲಿ ಎಲ್ಲ ವಾದ್ಯಗಳೂ ನಿಲ್ಲುತ್ತವೆ. ನಾಲ್ಕು ಎಣಿಕೆ ಮೌನ. ಆಮೇಲೆ ಬಾಸ್ ಒಂದೇ ಒಳಗೆ ಬರಬೇಕು. ಇವನು ಮೂರಕ್ಕೇ ಬಂದುಬಿಡುತ್ತಿದ್ದ. ಹಾಡು ಧ್ವನಿಮುದ್ರಣ ಮಾಡಿದ ದಿನ ನಾನು ಗಾಜಿನಾಚೆ ನಿಂತು ಬೆರಳಲ್ಲಿ ಎಣಿಸಿ ತೋರಿಸಿದ್ದೆ. ವಿಡಿಯೊಗೆ ಸುಮ್ಮನೆ ನುಡಿಸಿದ ಹಾಗೆ ನಟಿಸಿದರೆ ಸಾಕಿತ್ತು. ಮಹಾಶಯ ನಟನೆಯಲ್ಲೂ ಮೂರಕ್ಕೇ ಕೈ ಹಾಕುತ್ತಿದ್ದ. ನಮ್ಮ ಮನೆಯೆದುರಿನ ತಾರಸಿಯ ಮೇಲೆ ಚಿತ್ರೀಕರಣ. ಏಳು ಸಲ ಕೆಟ್ಟಿತು. ಕ್ಯಾಮೆರಾದವನು ಬೈಯುತ್ತಿದ್ದದ್ದು ನನ್ನ ಅಡುಗೆಮನೆಗೆ ಕೇಳಿಸುತ್ತಿತ್ತು. ಎಂಟನೇ ಸಲ ತಮ್ಮ ತಲೆಯೆತ್ತಿ ನನ್ನ ಕಿಟಕಿಯತ್ತ ನೋಡಿದ. ನಾನು ಒಲೆ ಆರಿಸಿ, ಕೈ ಒರೆಸಿಕೊಂಡು ಬಂದು, ಕಿಟಕಿಯ ಕಟ್ಟೆಯ ಮೇಲೆ ಬೆರಳಿನಿಂದ ಕುಟ್ಟಿದೆ. ಒಂದು, ಎರಡು, ಮೂರು, ನಾಲ್ಕು. ಅವನ ಕೈ ಸರಿಯಾಗಿ ಬಿತ್ತು. ಅವನು ಯಾರನ್ನು ನೋಡುತ್ತಿದ್ದಾನೆ ಎಂದು ಇನ್ನೊಂದು ಕ್ಯಾಮೆರಾದವನು ಇತ್ತ ತಿರುಗಿಸಿದ್ದನಂತೆ. ಹಾಗೆ ನಾನು ನಾಲ್ಕು ಸೆಕೆಂಡ್ ಸಿಕ್ಕಿಬಿದ್ದೆ.

ಆ ನಾಲ್ಕು ಸೆಕೆಂಡಿನಿಂದಲೇ ಆಲ್ಬಮ್ಮಿನ ಹೊದಿಕೆ ಮಾಡಿದರು. ಅದನ್ನೇ ದೊಡ್ಡದು ಮಾಡಿ ಪೋಸ್ಟರ್. ಕೆಳಗೆ ಕಪ್ಪು ಪಟ್ಟಿಯ ಮೇಲೆ ತಂಡದ ಹೆಸರು, ಪಕ್ಕದಲ್ಲಿ ಒಂದು ಸಾಲು: 'ಅವಳು ಯಾರಿಗಾಗಿ ಕಾಯುತ್ತಿದ್ದಾಳೆ?' ನಾನು ಶಾಲೆಗೆ ಹೋಗುವ ದಾರಿಯ ಗೋಡೆಗಳ ಮೇಲೆಲ್ಲ ಅದನ್ನು ಅಂಟಿಸಿದ್ದರು. ಯಾರಿಗಾಗಿಯೂ ಇಲ್ಲ ಕಣ್ರಪ್ಪಾ, ಒಲೆ ಮೇಲೆ ಪಾತ್ರೆ ಇಟ್ಟಿದ್ದೆ ಎಂದು ಕೂಗಬೇಕು ಅನ್ನಿಸುತ್ತಿತ್ತು. ಆದರೂ ಒಳಗೊಳಗೇ ಹಿಗ್ಗಿದ್ದೆ, ಸುಳ್ಳು ಯಾಕೆ ಹೇಳಲಿ. ಎರಡು ವರ್ಷದ ಮೇಲೆ ಆ ಸಂದರ್ಶನ ಬಂತು. ಕಿಟಕಿಯ ಹೆಂಗಸು ಯಾರು ಎಂದು ಕೇಳಿದ್ದಕ್ಕೆ ಇವನು, "ಯಾರೋ ದಾರಿಹೋಕಳು. ಅವಳ ಹೆಸರೂ ನಮಗೆ ಗೊತ್ತಿಲ್ಲ" ಅಂದಿದ್ದ.

ನಾನು ಫೋನ್ ಮಾಡಿದೆ. "ದಾರಿಹೋಕಳೇನೋ ನಾನು? ಮೂರನೇ ಮಹಡಿ ಅಡುಗೆಮನೇಲಿ ಯಾವ ದಾರಿಯೋ ಹೋಗತ್ತೆ?"

"ಅಯ್ಯೋ ಅಕ್ಕಾ, ಅದೆಲ್ಲ ಪ್ರಚಾರಕ್ಕೆ. ಅಕ್ಕ ಎಣಿಸಿಕೊಟ್ಟಳು ಅಂದ್ರೆ ಜನ ನಗ್ತಾರೆ. ಅಕ್ಕ ಅಂದ್ರೆ ಕಥೆ ಸತ್ತೋಗತ್ತೆ."

"ಹಾಗಾದ್ರೆ ಅಕ್ಕನೇ ಸತ್ತಳು ಅಂದ್ಕೋ" ಎಂದು ಫೋನ್ ಇಟ್ಟೆ. ನನ್ನ ಬಾಯಿಗಿಷ್ಟು! ಅವನು ತಿರುಗಿ ಮಾಡುತ್ತಾನೆ ಎಂದುಕೊಂಡಿದ್ದೆ. ನಾನೇ ಮಾಡಲಿ ಎಂದು ಅವನೂ ಅಂದುಕೊಂಡಿರಬೇಕು. ಇಬ್ಬರೂ ಅಂದುಕೊಳ್ಳುತ್ತಲೇ ಹದಿನೆಂಟು ವರ್ಷ ಕಳೆಯಿತು.

ಎಂಟು ದಿನ ನಾನು ನನ್ನ ಬಗ್ಗೆಯೇ ಅಂಕ ಹಾಕಿದೆ. ನಾನು ಒಂಟಿತನ, ಎರಡು ಅಂಕ. ನಾನು ನಿಷ್ಕ್ರಿಯತೆ, ಎರಡು ಅಂಕ. ಒಂದು ಮಗು ನಾನು ಸತ್ತುಹೋದ ತಾಯಿಯ ಪ್ರೇತ ಎಂದು ಬರೆದಿತ್ತು. ಇನ್ನೊಂದು, 'ಈ ಹೆಂಗಸಿಗೆ ಜೀವನದಲ್ಲಿ ಬೇರೆ ಕೆಲಸವಿಲ್ಲ' ಎಂದು ಬರೆದಿತ್ತು. ಅದಕ್ಕೆ ಅಂಕ ಕೊಡುವಾಗ ಪೆನ್ನು ಸ್ವಲ್ಪ ಒತ್ತಿದ್ದು ನಿಜ. ನಿವೃತ್ತಿಯಾದ ಮೇಲೆ ಅದೂ ಸುಳ್ಳಲ್ಲವಲ್ಲ!

ಒಂಬತ್ತನೇ ದಿನ ಒಂದು ಉತ್ತರ ಪುಸ್ತಕ ಬಂತು. ಹೆಸರಿರುವ ಭಾಗವನ್ನು ಮೊದಲೇ ಕತ್ತರಿಸಿ, ಬದಲಿಗೆ ಐದಂಕಿಯ ಗುಪ್ತ ಸಂಖ್ಯೆ ಹಾಕಿರುತ್ತಾರೆ. ಅಕ್ಷರವೋ ಕಾಗೆ ಕಾಲು ಗುಬ್ಬಿ ಕಾಲು. ಮಿಕ್ಕ ಉತ್ತರಗಳೆಲ್ಲ ಅಷ್ಟಕ್ಕಷ್ಟೆ. ಹಳದಿ ಗೋಡೆಗೆ 'ಹಳದಿ ಬಣ್ಣ ಬಳಿದಿದ್ದಾರೆ' ಎಂದಷ್ಟೇ ಬರೆದಿತ್ತು. ಕೂಡಿಸಿ ನೋಡಿದೆ, ಮೂವತ್ತೊಂದು. ಪಾಸಾಗಲು ಮೂವತ್ತೈದು ಬೇಕು. ಉಳಿದದ್ದು ಕಿಟಕಿಯ ಹೆಂಗಸಿನ ಉತ್ತರ ಒಂದೇ.

ಅದರಲ್ಲಿ ಹೀಗೆ ಬರೆದಿತ್ತು: 'ನಾನು ಇದನ್ನು ಶಬ್ದವಿಲ್ಲದೆ ಹತ್ತು ಸಲ ನೋಡಿದ್ದೇನೆ. ಬಾಸ್ ನುಡಿಸುವವನು ಆ ಜಾಗದಲ್ಲಿ ಕ್ಯಾಮೆರಾ ನೋಡುವುದಿಲ್ಲ, ಮೇಲೆ ನೋಡುತ್ತಾನೆ. ಆಗ ಈ ಹೆಂಗಸಿನ ಬೆರಳು ಕಟ್ಟೆಯ ಮೇಲೆ ನಾಲ್ಕು ಸಲ ಬೀಳುತ್ತದೆ. ಐದನೆಯದಕ್ಕೆ ಅವನ ಕೈ ಬೀಳುತ್ತದೆ. ಇವಳು ಅವನಿಗೆ ತುಂಬಾ ಹತ್ತಿರದವಳು, ಯಾಕೆಂದರೆ ಅವನಿಗೆ ಅವಳ ಮೇಲೆ ನಂಬಿಕೆ ಇದೆ. ಆಲ್ಬಮ್ಮಿನ ಮೇಲೂ ಪೋಸ್ಟರಿನಲ್ಲೂ ತಂಡದ ಹೆಸರಿನ ಕಪ್ಪು ಪಟ್ಟಿಯನ್ನು ಸರಿಯಾಗಿ ಅವಳ ಬೆರಳುಗಳ ಮೇಲೆ ಹಾಕಿದ್ದಾರೆ. ಬೆರಳು ಮುಚ್ಚಿದರೆ ಅವಳು ಕಾಯುವವಳ ಹಾಗೆ ಕಾಣುತ್ತಾಳೆ. ಅವಳು ಕಾಯುತ್ತಿಲ್ಲ. ಕೆಲಸ ಮಾಡುತ್ತಿದ್ದಾಳೆ.'

ನಾನು ಆ ಕಪ್ಪು ಪಟ್ಟಿಯನ್ನು ಇಪ್ಪತ್ತು ವರ್ಷ ನೋಡಿದ್ದೆ. ಅದು ನನ್ನ ಬೆರಳ ಮೇಲೆ ಕೂತಿದೆ ಎಂದು ನನಗೇ ಹೊಳೆದಿರಲಿಲ್ಲ.

ಸೆರಗಿನಿಂದ ಕಣ್ಣೊರೆಸಿಕೊಂಡೆ. ಭೂಗೋಳದ ಮೇಡಂ, "ಯಾಕ್ರೀ, ಯಾರಾದ್ರೂ ಪ್ರೇಮಪತ್ರ ಬರೆದಿದ್ದಾರಾ?" ಅಂದಳು. ಧೂಳು ಎಂದೆ. ಸೂಚಿ ತಿರುವಿದೆ. ಸಂಬಂಧವಿದೆ ಎಂದು ಬರೆದವರಿಗೆ ಅಂಕವಿಲ್ಲ. ಅಂಕ ಕೊಟ್ಟರೆ ಪೆನ್ಸಿಲ್ ಸರ್ ಆಧಾರ ಕೇಳುತ್ತಾರೆ. ಆಧಾರ ನಾನೇ. ಹೇಳಿದರೆ ಈ ಕುರ್ಚಿ, ಈ ಡಬ್ಬಿ, ಈ ತಿವಿತ ಎಲ್ಲ ಇವತ್ತಿಗೇ ಮುಗಿಯಿತು. ಪೆನ್ನು ತಗೊಂಡು ಸೊನ್ನೆ ಹಾಕಿದೆ. ಪುಸ್ತಕವನ್ನು ಕಟ್ಟಿನ ಅಡಿಗೆ ತಳ್ಳಿದೆ.

ಮಧ್ಯಾಹ್ನ ಡಬ್ಬಿ ಹಾಗೇ ವಾಪಸ್ ಹೋಯಿತು. ಸಂಜೆ ಕೋಣೆಗೆ ಬಂದು ಫೋನಿನಲ್ಲಿ ಆ ವಿಡಿಯೊ ಹಾಕಿದೆ, ಹದಿನೆಂಟು ವರ್ಷದಲ್ಲಿ ಮೊದಲ ಸಲ. ಶಬ್ದ ತೆಗೆದೆ. ತಮ್ಮ ತಲೆ ಎತ್ತಿದ. ಅವನ ಮುಖದಲ್ಲಿ ಹೆದರಿಕೆ ಇತ್ತು. ಗುಡುಗು ಬಂದಾಗ ನನ್ನ ಹೊದಿಕೆಯೊಳಗೆ ನುಗ್ಗುತ್ತಿದ್ದಾಗ ಇದೇ ಮುಖ ಮಾಡುತ್ತಿದ್ದ. ಕಿಟಕಿಯಲ್ಲಿ ನಾನು ಬಂದೆ. ನಾಲ್ಕಾದ ಮೇಲೆ ಆ ಹೆದರಿಕೆ ಇಳಿಯಿತು. ಇಷ್ಟು ಸ್ಪಷ್ಟವಾಗಿರುವುದನ್ನು ಸಾವಿರಾರು ಜನ ನೋಡಿ, ಒಬ್ಬರಿಗೂ ಕಾಣದೆ, ಎಲ್ಲಿಯದೋ ಒಂದು ಮಗುವಿಗೆ ಕಂಡಿತ್ತು. ಕಂಡದ್ದಕ್ಕೆ ನಾನು ಅದಕ್ಕೆ ಸೊನ್ನೆ ಕೊಟ್ಟು ಬಂದಿದ್ದೆ. ಥೂ ನಿನ್ನ, ತಮ್ಮ ಮಾಡಿದ್ದನ್ನೇ ನೀನೂ ಮಾಡಿದೆಯಲ್ಲೇ ಎಂದು ನನ್ನನ್ನೇ ಬೈದುಕೊಂಡೆ. ಮಂಚದ ಮೇಲೆ ಕೂತು ಚೆನ್ನಾಗಿ ಅತ್ತೆ.

ಬೆಳಿಗ್ಗೆ ಹಾಜರಿಗೆ "ಇದ್ದೀನಿ" ಎಂದವಳೇ ಕಟ್ಟಿನಿಂದ ಆ ಪುಸ್ತಕ ಎಳೆದೆ. ಸೊನ್ನೆಯನ್ನು ಹೊಡೆದು ಎಂಟು ಬರೆದೆ. ನಾವು ಉತ್ತರಪತ್ರಿಕೆಯ ಮೇಲೆ ಒಂದಕ್ಷರ ಬರೆಯುವ ಹಾಗಿಲ್ಲ. ಅಂಕ ಮತ್ತು ಸರಿ ಗುರುತು, ಅಷ್ಟೆ. 'ಕೆಲಸ ಮಾಡುತ್ತಿದ್ದಾಳೆ' ಎಂಬ ಸಾಲಿನ ಪಕ್ಕ ನಾಲ್ಕು ಸರಿ ಗುರುತು ಹಾಕಿ, ನೇರ ಪೆನ್ಸಿಲ್ ಸರ್ ಹತ್ತಿರ ಹೋದೆ.

ಅವರು ಓದಿದರು, ಸೂಚಿ ನೋಡಿದರು, ಮತ್ತೆ ಓದಿದರು. "ಮೇಡಂ, ಇದಕ್ಕೆ ಅಂಕ ಇಲ್ಲ ಅಂತ ಬರೆದಿದೆಯಲ್ಲ. ಒಂದು ಸಾಲಿಗೆ ನಾಲ್ಕು ಸರಿ ಬೇರೆ ಹಾಕಿದ್ದೀರಿ."

"ನಾಲ್ಕೇ ಬೇಕು ಸರ್."

"ಆಧಾರ ಏನು?"

ಕಚೇರಿಯ ಕಂಪ್ಯೂಟರಿನಲ್ಲಿ ಆ ವಿಡಿಯೊ ಇತ್ತು. ಹಾಕಿಸಿ ಎಂದೆ. ಮೂರನೇ ಚರಣ ಬಂತು. ಶಬ್ದ ತೆಗೆಸಿದೆ. ನಾನು ತೆರೆಗೆ ಬೆನ್ನು ಮಾಡಿ ನಿಂತು, ಮೇಜಿನ ಮೇಲೆ ಬೆರಳಿನಿಂದ ಕುಟ್ಟಿದೆ. ಒಂದು, ಎರಡು, ಮೂರು, ನಾಲ್ಕು. ಪೆನ್ಸಿಲ್ ಸರ್ ತೆರೆ ನೋಡಿದರು, ನನ್ನ ಬೆರಳು ನೋಡಿದರು. ಇನ್ನೊಮ್ಮೆ ಹಾಕಿಸಿದರು. ಮೂರನೇ ಸಲ ತೆರೆ ನೋಡಲೇ ಇಲ್ಲ, ನನ್ನ ಮುಖ ನೋಡಿದರು.

"ಇದು ನೀವಾ ಮೇಡಂ?" ಎಂದು ಮೆತ್ತಗೆ ಕೇಳಿದರು.

"ಹೌದು ಸರ್. ಜಡೆ ಮಾತ್ರ ಎಲ್ಲೋ ಬಿದ್ದುಹೋಯಿತು."

ಅವರು ಕಿವಿಯ ಪೆನ್ಸಿಲ್ ತೆಗೆದು ಮೇಜಿನ ಮೇಲಿಟ್ಟರು. "ಯಾಕ್ ಹೇಳಿದ್ರಿ? ಸುಮ್ನೆ ಸೊನ್ನೆ ಹಾಕಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಈಗ ನಾನು ನಿಮ್ಮನ್ನ ಇಟ್ಕೊಳ್ಳೋ ಹಾಗಿಲ್ಲ. ಮುಂದಿನ ವರ್ಷಾನೂ ಕರೆಯೋ ಹಾಗಿಲ್ಲ."

"ಗೊತ್ತು ಸರ್. ಆ ಮಗು ಗತಿ?"

"ನೀವು ಬರೆದು ಕೊಟ್ರೆ ಸೂಚಿ ತಿದ್ದಿಸ್ತೀನಿ. ಎಲ್ಲ ಮೇಜಿಗೂ ಕಳಿಸ್ತೀನಿ. ಈ ಪುಸ್ತಕ ನಾನೇ ತಿದ್ತೀನಿ, ನಿಮ್ಮ ಅಂಕ ಲೆಕ್ಕಕ್ಕಿಲ್ಲ." ಸ್ವಲ್ಪ ಹೊತ್ತು ಪುಟ ನೋಡಿದರು. "ಏಳು ಕೊಡ್ತೀನಿ. ಆ ಅಕ್ಷರಕ್ಕೆ ಒಂದು ಕಳೀಲೇಬೇಕು."

ಮೂವತ್ತೊಂದಕ್ಕೆ ಏಳು, ಮೂವತ್ತೆಂಟು. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು.

ಹೇಳಿಕೆಯ ನಮೂನೆ ಕೊಟ್ಟರು. ಹೆಸರು, ವಿಳಾಸ ತುಂಬಿದೆ. ಈ ಅಭ್ಯರ್ಥಿ ಯಾರೆಂದು ಹುಡುಕುವುದಿಲ್ಲ ಎಂಬಲ್ಲಿ ಸಹಿ ಹಾಕಿದೆ. ಆಮೇಲೆ ಒಂದು ಖಾಲಿ ಗೆರೆ ಇತ್ತು: 'ಕೃತಿಗೆ ಸಂಬಂಧಪಟ್ಟ ವ್ಯಕ್ತಿ ಮತ್ತು ಅವರೊಂದಿಗೆ ತಮ್ಮ ಸಂಬಂಧ'. ತಮ್ಮನ ಹೆಸರು ಬರೆದೆ. ಪಕ್ಕದಲ್ಲಿ ಎರಡು ಅಕ್ಷರ ಬರೆಯಬೇಕಿತ್ತು. ಜೀವಮಾನವೆಲ್ಲ ಮಕ್ಕಳಿಗೆ ಅಕ್ಷರ ತಿದ್ದಿಸಿದ ನಾನು ಅಲ್ಲಿ ಪೆನ್ನಿನ ಮುಚ್ಚಳ ಹಾಕಿ, ಮತ್ತೆ ತೆಗೆದೆ. 'ಅಕ್ಕ' ಎಂದು ಬರೆದೆ. ಪೆನ್ಸಿಲ್ ಸರ್ ಅದರ ಮೇಲೆ ಕಚೇರಿಯ ಮುದ್ರೆ ಒತ್ತಿದರು.

"ಅವರಿಗೆ ಫೋನ್ ಮಾಡಿ ಒಂದು ಮಾತು ಖಚಿತ ಮಾಡ್ಕೊಳ್ಳಲಾ?" ಎಂದು ಕೇಳಿದರು.

ಬೇಕು ಎನ್ನಲು ಬಾಯಿ ತೆರೆದಿದ್ದೆ. ಇನ್ನೊಂದು ಸಲ ಅವನು ದಾರಿಹೋಕಳು ಎಂದುಬಿಟ್ಟರೆ? "ಬೇಡ ಸರ್, ವಿಡಿಯೊ ಸಾಕು" ಎಂದೆ.

ಚೀಲ ತಗೊಳ್ಳಲು ಮೇಜಿಗೆ ಹೋದಾಗ ಭೂಗೋಳದ ಮೇಡಂ ತಲೆ ಎತ್ತಿದಳು. "ಎಲ್ಲಿಗ್ರೀ, ಇನ್ನೂ ಹತ್ತೂವರೆ?" ಕಾರಣ ಹೇಳುವ ಹಾಗಿರಲಿಲ್ಲ. ಮನೆಯಲ್ಲಿ ಕೆಲಸವಿದೆ ಎಂದೆ. ನನ್ನ ಮನೆಯಲ್ಲಿ ಎಂಥ ಕೆಲಸ ಎಂದು ಅವಳಿಗೆ ಚೆನ್ನಾಗಿ ಗೊತ್ತು. ತನ್ನ ಡಬ್ಬಿಯನ್ನು ನನ್ನ ಚೀಲಕ್ಕೆ ಹಾಕಿ, ನನ್ನದನ್ನು ತಾನು ಎತ್ತಿಕೊಂಡಳು. "ಮುಂದಿನ ವರ್ಷ ಡಬ್ಬಿ ವಾಪಸ್ ತನ್ನಿ, ಮರೆತ್ರೆ ನೋಡಿ" ಅಂದಳು. ಹೂಂ ಎಂದೆ. ಅವಳ ಮನೆ ಎಲ್ಲಿ ಎಂದು ಇಷ್ಟು ವರ್ಷದಲ್ಲಿ ನಾನು ಕೇಳಿಯೇ ಇರಲಿಲ್ಲ. ಆಗಲೂ ಕೇಳಲಾಗಲಿಲ್ಲ.

ಗೇಟಿನವರೆಗೆ ಪೆನ್ಸಿಲ್ ಸರ್ ಬಂದರು. "ಆ ಮಗೂಗೆ ಗೊತ್ತಾದ್ರೆ ಎಷ್ಟು ಖುಷಿಯಾಗ್ತಿತ್ತು ಅಲ್ವಾ?" ಅಂದರು.

"ಗೊತ್ತಾಗೋಕೆ ದಾರಿ ಇಲ್ವಾ ಸರ್?"

"ಉತ್ತರಪತ್ರಿಕೆಯ ನಕಲು ತರಿಸಿಕೊಂಡ್ರೆ ನಿಮ್ಮ ಗುರುತು ಕಾಣತ್ತೆ. ಆದ್ರೆ ಫೇಲಾದವರು ಬಿಟ್ಟು ಯಾರು ತರಿಸ್ತಾರೆ ಮೇಡಂ? ಪಾಸಾದವರು ಆ ಕಡೆ ತಿರುಗೂ ನೋಡಲ್ಲ."

ಅವರು ಒಳಗೆ ಹೋದರು. ನಾನು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತೆ. ಆ ಐದಂಕಿಯ ಸಂಖ್ಯೆ ನನಗೆ ಬಾಯಿಪಾಠವಾಗಿತ್ತು. ಅದಕ್ಕೆ ಯಾವ ಹೆಸರು, ಯಾವ ಮುಖ ಎಂದು ನನಗೆ ಎಂದೂ ತಿಳಿಯುವುದಿಲ್ಲ. ಇಷ್ಟು ದೊಡ್ಡ ಲೋಕದಲ್ಲಿ ನನ್ನನ್ನು ನೋಡಿದ್ದು ಆ ಮಗು ಒಂದೇ. ಅದನ್ನು ಹುಡುಕುವುದಿಲ್ಲ ಎಂದು ಈಗಷ್ಟೇ ಸಹಿ ಹಾಕಿ ಬಂದಿದ್ದೆ.

ಬಸ್ಸು ಬಂತು. ಮಡಿಲಲ್ಲಿದ್ದ ಡಬ್ಬಿ ಇನ್ನೂ ಬೆಚ್ಚಗಿತ್ತು. ಪಾಸಾಗು ಮಗು, ಆ ನಾಲ್ಕು ಗುರುತು ನಿನ್ನ ಕಣ್ಣಿಗೆ ಬೀಳದೇ ಇರಲಿ ಎಂದುಕೊಂಡು ಹತ್ತಿದೆ.